ಹೊಟ್ಟೆಗೆ ಗಾಳಿ ತುಂಬಿದಾಗ

ಅಳ್ನಾವರದಿಂದ ಧಾರವಾಡಕ್ಕೋ ಹುಬ್ಬಳ್ಳಿಗೋ ಹೋಗಿ ಪಿತ್ತಕೋಶದ ಹರಳಿಗೆ ಆಪರೇಷನ್ ಮಾಡಿಸಿಕೊಂಡು ಬಂದವರಲ್ಲಿ ಅನೇಕರ ಮೊದಲ ದೂರು ಹೊಟ್ಟೆಯದಲ್ಲ, ಹೆಗಲಿನದು. "ಆಪರೇಷನ್ ಹೊಟ್ಟಿಗೆ ಮಾಡ್ಯಾರ, ಬಲಗಡೆ ಹೆಗಲ ಯಾಕ ಇಷ್ಟ ನೋಯ್ತೈತಿ?" ಎಂಬ ಪ್ರಶ್ನೆಗೆ ಮನೆಯವರು "ಒಂದ ಮಗ್ಗಲದಾಗ ಮಲಗಿದ್ದಕ್ಕ" ಎಂದು ಸಮಾಧಾನ ಹೇಳುತ್ತಾರೆ. ಕಾರಣ ಬೇರೆ. ಲ್ಯಾಪ್ರೊಸ್ಕೋಪಿಯಲ್ಲಿ, ಅಂದರೆ ಚಿಕ್ಕ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್ನಿನಲ್ಲಿ, ಹೊಟ್ಟೆಗೆ ತುಂಬಿದ ಅನಿಲ ವಪೆಯನ್ನು, ಅಂದರೆ ಎದೆ ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆಯನ್ನು, ಮೇಲಕ್ಕೆ ತಳ್ಳಿ ಹಿಗ್ಗಿಸಿರುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯ ಮೂರು, ನಾಲ್ಕು, ಐದನೆಯ ಬೇರುಗಳಿಂದ. ಹೆಗಲಿನ ಚರ್ಮಕ್ಕೂ ಅಲ್ಲಿಂದಲೇ ನರ ಬರುತ್ತದೆ. ಮಿದುಳು ವಪೆಯ ನೋವನ್ನು ಹೆಗಲಿನದೆಂದು ಓದಿಕೊಳ್ಳುತ್ತದೆ. ಎರಡು ಮೂರು ದಿನದಲ್ಲಿ ಉಳಿದ ಅನಿಲ ರಕ್ತದಲ್ಲಿ ಕರಗಿಹೋದ ಮೇಲೆ ನೋವೂ ಹೋಗುತ್ತದೆ.

ರೋಗಿಯ ಅನುಭವಕ್ಕೆ ಸಿಗುವುದು ಇಷ್ಟೇ. ಆದರೆ ಆತ ಅರಿವಳಿಕೆಯಲ್ಲಿ ಮಲಗಿದ್ದ ಆ ಒಂದು ತಾಸಿನಲ್ಲಿ ಹೃದಯ, ಶ್ವಾಸಕೋಶ, ಮೂತ್ರಪಿಂಡ, ಮಿದುಳು, ಕಾಲಿನ ರಕ್ತನಾಳ ಎಲ್ಲವೂ ಅದೇ ಅನಿಲದ ಒತ್ತಡಕ್ಕೆ ಒಂದಲ್ಲ ಒಂದು ರೀತಿ ಹೊಂದಿಕೊಂಡಿರುತ್ತವೆ. ಹೊಟ್ಟೆಯ ಮೇಲಿನ ಗಾಯ ಚಿಕ್ಕದು ಎಂಬ ಕಾರಣಕ್ಕೆ ಒಳಗಿನ ಪೆಟ್ಟೂ ಚಿಕ್ಕದೇ ಎಂದು ನಾವು ನಂಬಿದ್ದೇವೆ. ಆರೋಗ್ಯವಂತರ ಮಟ್ಟಿಗೆ ಆ ನಂಬಿಕೆ ತಪ್ಪಲ್ಲ. ಎಲ್ಲರ ಮಟ್ಟಿಗೂ ಸರಿಯಲ್ಲ.

ಮೊದಲು ಅಳತೆ. ಅಂಗಾತ ಮಲಗಿರುವ ಆರೋಗ್ಯವಂತ ವಯಸ್ಕರ ಹೊಟ್ಟೆಯೊಳಗಿನ ಒತ್ತಡ 0ರಿಂದ 5 ಮಿಲಿಮೀಟರ್ ಪಾದರಸದಷ್ಟು. ಲ್ಯಾಪ್ರೊಸ್ಕೋಪಿಯಲ್ಲಿ ಅದನ್ನು ಸಾಮಾನ್ಯವಾಗಿ 12ರಿಂದ 15ಕ್ಕೆ ಏರಿಸುತ್ತಾರೆ. ಕರುಳಿನಿಂದ ಹೊಟ್ಟೆಯ ಗೋಡೆಯನ್ನು ಮೇಲೆತ್ತಿ, ಕ್ಯಾಮೆರಾಕ್ಕೆ ನೋಡಲು, ಉಪಕರಣಗಳಿಗೆ ಆಡಲು ಜಾಗ ಮಾಡಬೇಕಲ್ಲ, ಅದಕ್ಕೆ ಸುಮಾರು ಮೂರು ನಾಲ್ಕು ಲೀಟರ್ ಅನಿಲ ಬೇಕಾಗುತ್ತದೆ. 15 ಮಿಲಿಮೀಟರ್ ಪಾದರಸವೆಂದರೆ 20 ಸೆಂಟಿಮೀಟರ್ ನೀರಿನ ಒತ್ತಡ. ಕೇಳುವುದಕ್ಕೆ ಭಯಪಡುವಂಥದ್ದೇನೂ ಅಲ್ಲ. ಅಮೆರಿಕದಲ್ಲಿ 20 ಮಂದಿ ಆರೋಗ್ಯವಂತ ಯುವಜನರ ಹೊಟ್ಟೆಯ ಒತ್ತಡ ಅಳೆದು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸುಮ್ಮನೆ ನಿಂತಾಗಲೇ ಒತ್ತಡ ಸರಾಸರಿ 20ರಷ್ಟಿತ್ತು. ನಿಂತು ಕೆಮ್ಮಿದಾಗ 100 ದಾಟಿತು. ನಿಂತಲ್ಲೇ ಜಿಗಿದಾಗ 170ರ ಆಸುಪಾಸು ಹೋಯಿತು.

ಹಾಗಾದರೆ 15ಕ್ಕೆ ಯಾಕಿಷ್ಟು ಚರ್ಚೆ? ಕೆಮ್ಮು ಅರೆಗಳಿಗೆಯದು. ಅದು ಬಂದು ಹೋಗುವಷ್ಟರಲ್ಲಿ ರಕ್ತ ಮತ್ತೆ ತನ್ನ ದಾರಿ ಹಿಡಿದಿರುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಒತ್ತಡ ಅರ್ಧ ತಾಸು, ಒಂದು ತಾಸು, ಕೆಲವೊಮ್ಮೆ ನಾಲ್ಕು ತಾಸು ಬಿಡದೆ ನಿಲ್ಲುತ್ತದೆ. ಮೇಲಾಗಿ ರೋಗಿಯ ಸ್ನಾಯುಗಳು ಔಷಧದಿಂದ ಸಡಿಲಗೊಂಡಿರುತ್ತವೆ, ಉಸಿರಾಟ ಯಂತ್ರದ ಕೈಯಲ್ಲಿರುತ್ತದೆ. ಎಷ್ಟು ಒತ್ತಡ ಎಂಬುದರ ಜೊತೆಗೆ ಎಷ್ಟು ಹೊತ್ತು, ಯಾವ ಭಂಗಿಯಲ್ಲಿ, ಯಾರ ದೇಹದಲ್ಲಿ ಎಂದು ಕೇಳದೆ ಈ ಲೆಕ್ಕ ಮುಗಿಯುವುದಿಲ್ಲ.

ದನ ಸಾಕಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಹಸಿ ಮೇವು ಅತಿಯಾಗಿ ತಿಂದ ಎತ್ತಿಗೆ ಹೊಟ್ಟೆ ಉಬ್ಬರ ಬಂದರೆ ಎಡಗಡೆ ಪಕ್ಕೆ ಬೆನ್ನಿನ ಮಟ್ಟಕ್ಕೆ ಏಳುತ್ತದೆ, ನಾಲಿಗೆ ಹೊರಬರುತ್ತದೆ, ತಡವಾದರೆ ನೋಡನೋಡುತ್ತಿದ್ದಂತೆ ಜೀವ ಹೋಗುತ್ತದೆ. ಪಶುವೈದ್ಯರು ಎಡ ಪಕ್ಕೆಗೆ ಟ್ರೋಕಾರ್ ಎಂಬ ಚೂಪು ಕೊಳವೆ ಚುಚ್ಚಿ ಗಾಳಿ ಬಿಟ್ಟರೆ ಎತ್ತು ಎದ್ದು ನಿಂತದ್ದೂ ಉಂಟು. ಅದೇ ಬಗೆಯ ಟ್ರೋಕಾರನ್ನು ಮನುಷ್ಯರ ಹೊಟ್ಟೆಗೆ ತೂರಿಸಿ ಅನಿಲ ಒಳಗೆ ಬಿಡುವುದು ಲ್ಯಾಪ್ರೊಸ್ಕೋಪಿ. ಎತ್ತು ಸಾಯುವುದು ಉಸಿರು ಕಟ್ಟಿಯೋ, ಹೃದಯಕ್ಕೆ ರಕ್ತ ಬರುವುದು ನಿಂತೋ? ವಿಜ್ಞಾನಿಗಳೂ ಪ್ರಯೋಗಾಲಯದ ಪ್ರಾಣಿಗಳನ್ನಿಟ್ಟುಕೊಂಡು ಇದೇ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಜಗಳವಾಡಿದರು. 1890ರಲ್ಲಿ ಹೈನ್ರಿಸಿಯಸ್ ಉಸಿರಾಟವೇ ಮೊದಲು ಸೋಲುತ್ತದೆ ಎಂದ. 1911ರಲ್ಲಿ ಹೇವನ್ ಎಮರ್ಸನ್ ನಾಯಿಗಳ ಮೇಲೆ ಪ್ರಯೋಗ ಮಾಡಿ, ಉಸಿರು ಕಟ್ಟುವ ಮೊದಲೇ ಹೃದಯ ಸೋಲುತ್ತದೆ ಎಂದು ತೋರಿಸಿದ. ಇಬ್ಬರೂ ಅರ್ಧ ಸರಿ ಎಂಬುದು ಇಂದಿನ ತಿಳಿವಳಿಕೆ.

ಕುತೂಹಲದ ಸಂಗತಿಯೆಂದರೆ, ಒತ್ತಡವನ್ನು ಅಭ್ಯಾಸ ಮಾಡಿದವರೂ ಒತ್ತಡವನ್ನು ಬಳಸಿದವರೂ ಬಹುಕಾಲ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊಟ್ಟೆಯ ಒತ್ತಡ ಏರಿದರೆ ಮೂತ್ರ ಇಳಿಯುತ್ತದೆ ಎಂದು ಜರ್ಮನಿಯ ವೆಂಡ್ಟ್ 1876ರಲ್ಲೇ ಬರೆದಿದ್ದ. ಅದೇ ಜರ್ಮನಿಯಲ್ಲಿ ಗಿಯೋರ್ಗ್ ಕೆಲ್ಲಿಂಗ್ 1901ರಲ್ಲಿ ನಾಯಿಯೊಂದರ ಹೊಟ್ಟೆಗೆ ಗಾಳಿ ತುಂಬಿ ಒಳಗೆ ದರ್ಶಕ ಹಾಕಿ ನೋಡಿದ. ಲ್ಯಾಪ್ರೊಸ್ಕೋಪಿಯ ಇತಿಹಾಸ ಶುರುವಾಗುವುದು ಇಲ್ಲಿಂದ. ಕೆಲ್ಲಿಂಗನ ಮೂಲ ಉದ್ದೇಶ ನೋಡುವುದಷ್ಟೇ ಆಗಿರಲಿಲ್ಲ. ಹೊಟ್ಟೆಯೊಳಗಿನ ರಕ್ತಸ್ರಾವವನ್ನು ಗಾಳಿಯ ಒತ್ತಡದಿಂದ ಅದುಮಿ ನಿಲ್ಲಿಸಬಹುದೇ ಎಂಬುದು ಅವನ ಆಸೆ. ಅದಕ್ಕಾಗಿ ಅವನು 50 ಮಿಲಿಮೀಟರಿಗೂ ಮೇಲಿನ ಒತ್ತಡ ಬಳಸಿದ್ದ. ಇಂದು ಯಾವ ಅರಿವಳಿಕೆ ತಜ್ಞರೂ ಆ ಅಂಕಿ ಕೇಳಿ ಕುರ್ಚಿಯಲ್ಲಿ ಕುಳಿತಿರಲಾರರು. 1930ರ ದಶಕದಲ್ಲಿ ಹಂಗೇರಿಯ ಯಾನೋಶ್ ವೆರೆಸ್, ಕ್ಷಯರೋಗಿಗಳ ಎದೆಗೆ ಗಾಳಿ ಹಾಕಲೆಂದು ಸ್ಪ್ರಿಂಗ್ ಇರುವ ಸೂಜಿ ರೂಪಿಸಿದ. ಅದೇ ಸೂಜಿ ಇಂದಿಗೂ ಹೊಕ್ಕುಳಲ್ಲಿ ಇಳಿಯುತ್ತದೆ. 1960ರ ದಶಕದಲ್ಲಿ ಜರ್ಮನಿಯ ಕುರ್ಟ್ ಸೆಮ್, ಒತ್ತಡವನ್ನು ತಾನೇ ಅಳೆದು ತಾನೇ ಹಿಡಿದಿಡುವ ಇನ್ಸಫ್ಲೇಟರ್ ಯಂತ್ರವನ್ನು ತಂದ. ನನ್ನ ದೃಷ್ಟಿಯಲ್ಲಿ ಈ ಕಥೆಯ ತಿರುವು ಕ್ಯಾಮೆರಾ ಅಲ್ಲ, ಈ ಯಂತ್ರ. 1985ರಲ್ಲಿ ಎರಿಕ್ ಮ್ಯೂಹೆ ಈ ದಾರಿಯಲ್ಲಿ ಮೊದಲ ಪಿತ್ತಕೋಶ ತೆಗೆದ. ನಮ್ಮಲ್ಲಿ 1990ರಲ್ಲಿ ಮುಂಬಯಿಯ ಡಾ. ತೆಹೆಮ್ಟನ್ ಉಡ್ವಾಡಿಯಾ ಅದನ್ನು ಮಾಡಿದರು.

ಇನ್ನು ದೇಹದೊಳಗೆ ಆಗುವುದೇನು ಎಂಬುದಕ್ಕೆ ಬರೋಣ. ಅನಿಲ ಒಳಹೋಗಲು ಶುರುವಾದ ಮೊದಲ ನಿಮಿಷಗಳಲ್ಲಿ, ಒತ್ತಡ ಇನ್ನೂ 10ರೊಳಗೆ ಇರುವಾಗ, ಕರುಳು ಮತ್ತು ಯಕೃತ್ತಿನಲ್ಲಿ ನಿಂತ ರಕ್ತ ಹಿಂಡಿದಂತಾಗಿ ಹೃದಯಕ್ಕೆ ಸ್ವಲ್ಪ ಹೆಚ್ಚೇ ಬರುತ್ತದೆ. ಒತ್ತಡ ಇನ್ನೂ ಏರಿದಂತೆ ಹೊಟ್ಟೆಯಲ್ಲಿ ಹಾದುಹೋಗುವ ದೊಡ್ಡ ಅಭಿಧಮನಿ ಅದುಮಿಕೊಂಡು, ಕಾಲಿನಿಂದ ಮೇಲೆ ಬರಬೇಕಾದ ರಕ್ತಕ್ಕೆ ತಡೆಯಾಗುತ್ತದೆ. ಅದೇ ಹೊತ್ತಿಗೆ ವ್ಯಾಸೊಪ್ರೆಸಿನ್, ಅಡ್ರಿನಲಿನ್, ರೆನಿನ್ ಮುಂತಾದ ಹಾರ್ಮೋನುಗಳು ಏರಿ ಅಪಧಮನಿಗಳು ಬಿಗಿಯುತ್ತವೆ. ಹೃದಯಕ್ಕೆ ಬರುವ ರಕ್ತ ಕಡಿಮೆ, ಅದು ಎದುರಿಸಬೇಕಾದ ಅಡ್ಡಿ ಹೆಚ್ಚು. ಹೃದಯ ನಿಮಿಷಕ್ಕೆ ಹೊರಹಾಕುವ ರಕ್ತ ಶೇಕಡಾ 10ರಿಂದ 30ರಷ್ಟು ಇಳಿಯುತ್ತದೆ. ಆದರೆ ಮಾನಿಟರಿನಲ್ಲಿ ಬಿ.ಪಿ. ಏರಿರುತ್ತದೆ! ಹೊಸಬರನ್ನು ಮೋಸಗೊಳಿಸುವುದು ಇದೇ. ಬಿ.ಪಿ. ಚೆನ್ನಾಗಿದೆ, ರೋಗಿ ಚೆನ್ನಾಗಿದ್ದಾನೆ ಎಂದುಕೊಂಡರೆ, ಒಳಗೆ ಹೃದಯ ಕಡಿಮೆ ರಕ್ತವನ್ನು ಹೆಚ್ಚು ಕಷ್ಟಪಟ್ಟು ತಳ್ಳುತ್ತಿರುತ್ತದೆ. ಆರೋಗ್ಯವಂತ ಹೃದಯ ಹತ್ತು ಹದಿನೈದು ನಿಮಿಷದಲ್ಲಿ ಹೊಂದಿಕೊಳ್ಳುತ್ತದೆ. ಸೋತ ಹೃದಯಕ್ಕೆ ಆ ಹತ್ತು ನಿಮಿಷವೇ ಪರೀಕ್ಷೆ.

ಒತ್ತಡ ಎಷ್ಟಿದೆ ಎಂಬುದಕ್ಕಿಂತ ಎಷ್ಟು ಬೇಗ ಏರಿತು ಎಂಬುದೇ ಮುಖ್ಯವಾಗುವ ಒಂದು ಅಪಾಯವೂ ಇದೆ. ಉದರದ ಪೊರೆ ಥಟ್ಟನೆ ಹಿಗ್ಗಿದರೆ ವೇಗಸ್ ನರ ಕೆರಳಿ ನಾಡಿ ಕುಸಿಯಬಹುದು, ಅಪರೂಪಕ್ಕೆ ಹೃದಯ ಕೆಲ ಕ್ಷಣ ನಿಂತೇ ಬಿಡಬಹುದು. ಆಗ ಅರಿವಳಿಕೆ ತಜ್ಞರ ಬಾಯಿಂದ ಮೊದಲು ಬರುವ ಮಾತು "ಗ್ಯಾಸ್ ಬಿಡ್ರಿ". ಅನಿಲ ಹೊರಬಿಟ್ಟು, ಅಟ್ರೋಪಿನ್ ಕೊಟ್ಟು, ನಾಡಿ ಸರಿಯಾದ ಮೇಲೆ ಮತ್ತೆ ನಿಧಾನಕ್ಕೆ ತುಂಬಿದರೆ ಬಹುಪಾಲು ಮುಂದೆ ತೊಂದರೆಯಿಲ್ಲ. ನಿಧಾನಕ್ಕೆ ತುಂಬುವುದಕ್ಕೆ ಖರ್ಚಿಲ್ಲ, ಎರಡು ನಿಮಿಷ ತಾಳ್ಮೆ ಬೇಕು ಅಷ್ಟೇ.

ಶ್ವಾಸಕೋಶದ ಕಥೆ ನೇರವಾದದ್ದು. ವಪೆ ಮೇಲೇರಿದರೆ ಎದೆಯಲ್ಲಿ ಜಾಗ ಕಡಿಮೆಯಾಗುತ್ತದೆ. ಶ್ವಾಸಕೋಶ ಮತ್ತು ಎದೆಗೂಡಿನ ಹಿಗ್ಗುವ ಗುಣ ಶೇಕಡಾ 30ರಿಂದ 50ರಷ್ಟು ತಗ್ಗುತ್ತದೆ, ತಳಭಾಗದ ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ, ವೆಂಟಿಲೇಟರಿಗೆ ಅದೇ ಉಸಿರು ತುಂಬಲು ಹೆಚ್ಚು ಬಲ ಬೇಕಾಗುತ್ತದೆ. ಶ್ವಾಸನಾಳ ಕವಲೊಡೆಯುವ ಜಾಗವೂ ಮೇಲೆ ಸರಿಯುವುದರಿಂದ, ಬಾಯಿಂದ ಹಾಕಿದ ಕೊಳವೆಯ ತುದಿ ಬಲಗಡೆಯ ಕವಲಿಗೆ ಜಾರಿ ಎಡ ಶ್ವಾಸಕೋಶಕ್ಕೆ ಗಾಳಿಯೇ ಹೋಗದಿರಬಹುದು. ತಜ್ಞರು ಅನಿಲ ತುಂಬಿದ ಮೇಲೆ ಮತ್ತೊಮ್ಮೆ ಸ್ಟೆತಸ್ಕೋಪ್ ಇಟ್ಟು ಎರಡೂ ಕಡೆ ಕೇಳುವುದು ಇದಕ್ಕಾಗಿ.

ಇದರ ಮೇಲೆ ಅನಿಲದ ಸ್ವಂತ ಗುಣ. ಹೊಟ್ಟೆಗೆ ತುಂಬಲು ಇಂಗಾಲದ ಡೈಆಕ್ಸೈಡನ್ನು ಆರಿಸಿಕೊಂಡದ್ದಕ್ಕೆ ಎರಡು ಕಾರಣ. ಅದು ಉರಿಯುವುದಿಲ್ಲ, ಉರಿಯಲು ಬಿಡುವುದೂ ಇಲ್ಲ, ವಿದ್ಯುತ್ ಕತ್ತರಿ ಬಳಸುವ ಜಾಗದಲ್ಲಿ ಇದು ಬೇಕೇ ಬೇಕು. ಎರಡನೆಯದಾಗಿ, ಅದು ರಕ್ತದಲ್ಲಿ ಬೇಗ ಕರಗುತ್ತದೆ. ಅಕಸ್ಮಾತ್ ಸೂಜಿ ರಕ್ತನಾಳಕ್ಕೆ ಹೊಕ್ಕು ಅನಿಲದ ಗುಳ್ಳೆ ಹೃದಯ ಸೇರಿದರೂ, ಚಿಕ್ಕದಿದ್ದರೆ ಕರಗಿ ಹೋಗುವ ಅವಕಾಶವಿದೆ. ಆದರೆ ಕರಗುವ ಗುಣಕ್ಕೂ ಬೆಲೆ ತೆರಬೇಕು. ಉದರದ ಪೊರೆಯಿಂದ ಹೀರಿಕೊಂಡ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಮೊದಲ 15ರಿಂದ 30 ನಿಮಿಷ ಏರುತ್ತ ಹೋಗಿ ಆಮೇಲೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಅದನ್ನು ಹೊರಹಾಕಲು ಯಂತ್ರದ ಉಸಿರಾಟವನ್ನು ಸುಮಾರು ಕಾಲುಭಾಗ ಹೆಚ್ಚಿಸಬೇಕು. ಎಷ್ಟು ಹೆಚ್ಚಿಸಬೇಕೆಂದು ಹೇಳುವುದು ಕ್ಯಾಪ್ನೋಗ್ರಾಫ್, ಅಂದರೆ ರೋಗಿ ಬಿಟ್ಟ ಉಸಿರಿನಲ್ಲಿ ಆ ಅನಿಲ ಎಷ್ಟಿದೆ ಎಂದು ಗೆರೆ ಬರೆದು ತೋರಿಸುವ ಉಪಕರಣ. ಅರ್ಧ ತಾಸಿನ ನಂತರವೂ ಗೆರೆ ಏರುತ್ತಲೇ ಇದ್ದರೆ ಅನಿಲ ಚರ್ಮದಡಿಗೆ ಹರಡಿದೆಯೇ ಎಂದು ಎದೆ, ಕುತ್ತಿಗೆ ಒತ್ತಿ ನೋಡಬೇಕು. ಗೆರೆ ದಿಢೀರನೆ ನೆಲ ಕಚ್ಚಿ, ಜೊತೆಗೆ ಬಿ.ಪಿ.ಯೂ ಕುಸಿದರೆ ಗುಳ್ಳೆ ಹೃದಯ ಸೇರಿರುವ ಸಂಶಯ ಮೊದಲು ಬರಬೇಕು. ಕ್ಯಾಪ್ನೋಗ್ರಾಫ್ ಇಲ್ಲದ ಕೋಣೆಯಲ್ಲಿ ಅನಿಲ ತುಂಬಿ ಮಾಡುವ ದೊಡ್ಡ ಶಸ್ತ್ರಚಿಕಿತ್ಸೆ ನನಗೆ ಸರಿ ಕಾಣುವುದಿಲ್ಲ, ಶಸ್ತ್ರಚಿಕಿತ್ಸಕರ ಕೈ ಎಷ್ಟೇ ಪಳಗಿರಲಿ.

ಉಳಿದ ಅಂಗಗಳದ್ದು ಬೇಗ ಹೇಳಿ ಮುಗಿಸಬಹುದು. 15ರ ಒತ್ತಡದಲ್ಲಿ ಮೂತ್ರ ಅರ್ಧಕ್ಕಿಳಿಯಬಹುದು. ಬ್ರಾಡ್ಲಿ ಎಂಬ ಹೆಸರಿನ ಇಬ್ಬರು ಸಂಶೋಧಕರು 1947ರಲ್ಲೇ ಮನುಷ್ಯರಲ್ಲಿ ಇದನ್ನು ಅಳೆದಿದ್ದರು. ಅನಿಲ ಬಿಟ್ಟ ಮೇಲೆ ಅದು ತಾನಾಗಿ ಸರಿಹೋಗುವುದರಿಂದ, ನಡುವೆ ಮೂತ್ರ ಕಡಿಮೆಯಾಯಿತೆಂದು ಬಾಟಲಿ ಮೇಲೆ ಬಾಟಲಿ ಸಲೈನ್ ಏರಿಸುವುದು ಜಾಣತನವಲ್ಲ. ಯಕೃತ್ತಿನ ಕಿಣ್ವಗಳು ಒಂದೆರಡು ದಿನ ತುಸು ಏರಿ ಇಳಿಯುತ್ತವೆ. ಕಾಲಿನ ಅಭಿಧಮನಿಗಳಲ್ಲಿ ರಕ್ತ ನಿಧಾನವಾಗಿ ಹೆಪ್ಪುಗಟ್ಟುವ ಸಾಧ್ಯತೆ ಇರುವುದರಿಂದ ದೀರ್ಘ ಶಸ್ತ್ರಚಿಕಿತ್ಸೆಗಳಲ್ಲಿ ಕಾಲಿಗೆ ಬಿಗಿ ಪಟ್ಟಿಯನ್ನೋ ಗಾಳಿಯಿಂದ ಒತ್ತುವ ಚೀಲವನ್ನೋ ಕಟ್ಟುತ್ತಾರೆ. ತಲೆಬುರುಡೆಯೊಳಗಿನ ಒತ್ತಡವೂ ಏರುವುದರಿಂದ, ತಲೆಗೆ ಪೆಟ್ಟು ಬಿದ್ದವರಲ್ಲಿ ಲ್ಯಾಪ್ರೊಸ್ಕೋಪಿಗೆ ವೈದ್ಯರು ಹಿಂಜರಿಯುತ್ತಾರೆ.

ಭಂಗಿಯನ್ನು ಇಲ್ಲಿ ಮರೆಯುವಂತಿಲ್ಲ. ಪಿತ್ತಕೋಶಕ್ಕೆ ರೋಗಿಯ ತಲೆ ಮೇಲಾಗಿರಬೇಕು. ಉಸಿರಾಟಕ್ಕೆ ಅದು ಹಿತ, ಹೃದಯಕ್ಕೆ ಅಹಿತ, ಏಕೆಂದರೆ ರಕ್ತ ಕಾಲಿನಲ್ಲೇ ಉಳಿಯುತ್ತದೆ. ಗರ್ಭಕೋಶಕ್ಕೂ ಕುಟುಂಬ ಯೋಜನೆ ಆಪರೇಷನ್ನಿಗೂ ತಲೆ ಕೆಳಗಾಗಿರಬೇಕು. ಹೃದಯಕ್ಕೆ ರಕ್ತ ಚೆನ್ನಾಗಿ ಬರುತ್ತದೆ, ಆದರೆ ಕರುಳಿನ ಭಾರವೂ ಅನಿಲವೂ ಸೇರಿ ವಪೆಯ ಮೇಲೆ ಬೀಳುತ್ತವೆ, ಕಣ್ಣು ಮತ್ತು ಮಿದುಳಿನ ಒತ್ತಡ ಏರುತ್ತದೆ. ಬೀಡಿ ಸೇದಿ ಸೇದಿ ಶ್ವಾಸಕೋಶ ಸವೆದವರಿಗೂ ಅತಿ ದಪ್ಪ ಮೈಯವರಿಗೂ ಈ ಎರಡನೆಯ ಭಂಗಿ ಬಲು ಕಷ್ಟ. ದಪ್ಪ ಮೈಯವರ ಹೊಟ್ಟೆಯ ಒತ್ತಡ ಅನಿಲ ತುಂಬುವ ಮೊದಲೇ 9, 10 ಇರುವುದುಂಟು. ಇದಕ್ಕೆ ವಿರುದ್ಧವಾಗಿ, ಹೆತ್ತ ಹೆಂಗಸರ ಹೊಟ್ಟೆಯ ಗೋಡೆ ಸಡಿಲ, ಕಡಿಮೆ ಒತ್ತಡಕ್ಕೇ ಹೆಚ್ಚು ಜಾಗ ಕೊಡುತ್ತದೆ. ನವಜಾತ ಶಿಶುಗಳಿಗೆ 6ರಿಂದ 8 ಸಾಕು. ಇಷ್ಟು ಬಗೆಯ ಹೊಟ್ಟೆಗಳಿಗೆಲ್ಲ ಯಂತ್ರದ ಗುಂಡಿಯನ್ನು ಒಂದೇ 14ಕ್ಕೆ ತಿರುಗಿಸುವುದು ರೂಢಿಯೇ ಹೊರತು ಶಾಸ್ತ್ರವಲ್ಲ.

ನಮ್ಮ ಹಳ್ಳಿಗಳಿಗೆ ಲ್ಯಾಪ್ರೊಸ್ಕೋಪಿ ಮೊದಲು ಬಂದದ್ದು ಪಿತ್ತಕೋಶದ ದಾರಿಯಿಂದಲ್ಲ, ಕುಟುಂಬ ಯೋಜನೆಯ ಶಿಬಿರಗಳಿಂದ. ಸರ್ಕಾರವೇ ಜನನ ನಿಯಂತ್ರಣ ಚಿಕಿತ್ಸಾಲಯ ತೆರೆದದ್ದರಲ್ಲಿ ಹಳೆಯ ಮೈಸೂರು ಸಂಸ್ಥಾನ, 1930ರಲ್ಲಿ, ಜಗತ್ತಿಗೇ ಮೊದಲನೆಯದು. ಅದಾದ ಅರ್ಧ ಶತಮಾನಕ್ಕೆ ಅಂಡನಾಳಕ್ಕೆ ಉಂಗುರ ಹಾಕುವ ಲ್ಯಾಪ್ರೊಸ್ಕೋಪ್ ದೇಶದ ತಾಲ್ಲೂಕು ಆಸ್ಪತ್ರೆಗಳನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನೂ ಮುಟ್ಟಿತು. ಸ್ಥಳೀಯ ಮರಗಟ್ಟುವ ಚುಚ್ಚುಮದ್ದು, ಸ್ವಲ್ಪ ನಿದ್ರೆಯ ಔಷಧ, ತಲೆ ಕೆಳಗೆ, ಕೆಲವೇ ನಿಮಿಷದ ಕೆಲಸ. ಅವಧಿ ಚಿಕ್ಕದಾದ್ದರಿಂದ ಒತ್ತಡದ ದೋಷಗಳು ಹೆಚ್ಚಾಗಿ ಮುಚ್ಚಿಹೋದವು. ಆದರೆ ಎಚ್ಚರವಿರುವ ಹೆಣ್ಣುಮಗಳ ಹೊಟ್ಟೆಗೆ ಅನಿಲ ತುಂಬಿದಾಗ ಹೆಗಲು ನೋವು, ಉಸಿರು ಕಟ್ಟಿದ ಭಾವ ಎಲ್ಲವೂ ಅಲ್ಲೇ, ಆಗಲೇ ಬರುತ್ತವೆ. ಅವಳು ನರಳಿದರೆ ಹೊಟ್ಟೆ ಬಿಗಿಯುತ್ತದೆ, ಒತ್ತಡ ಇನ್ನೂ ಏರುತ್ತದೆ.

2014ರ ನವೆಂಬರಿನಲ್ಲಿ ಈ ವ್ಯವಸ್ಥೆಯ ಹುಳುಕು ಎರಡು ಸಲ ಬಯಲಾಯಿತು. ಛತ್ತೀಸಗಡದ ಬಿಲಾಸಪುರ ಜಿಲ್ಲೆಯ ಶಿಬಿರದಲ್ಲಿ ಕೆಲವೇ ತಾಸುಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಆಗಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿನ ಚರ್ಚೆ ಮುಖ್ಯವಾಗಿ ಔಷಧ ಮತ್ತು ಸೋಂಕಿನದು. ನಮ್ಮ ವಿಷಯಕ್ಕೆ ನೇರವಾಗಿ ತಾಗುವುದು ಅದೇ ತಿಂಗಳ ಕೊನೆಗೆ ಒಡಿಶಾದ ಅಂಗುಲ್ ಜಿಲ್ಲೆಯ ಬನರಪಾಲದಲ್ಲಿ ನಡೆದದ್ದು. 56 ಹೆಂಗಸರ ಶಿಬಿರದಲ್ಲಿ ಹೊಟ್ಟೆ ಉಬ್ಬಿಸಲು ಬಳಸಿದ್ದು ಸೈಕಲ್ ಪಂಪು. ಯಾರೂ ಸಾಯಲಿಲ್ಲ ಎಂಬುದನ್ನೇ ಸಮರ್ಥನೆಯಾಗಿ ಹೇಳಿದವರೂ ಇದ್ದರು. ಪಂಪಿಗೆ ಒತ್ತಡ ಗೊತ್ತಿಲ್ಲ, 15ಕ್ಕೆ ನಿಲ್ಲಬೇಕೆಂದು ಗೊತ್ತಿಲ್ಲ. ಅದು ತಳ್ಳುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ರಕ್ತದಲ್ಲಿ ಬಲು ಕಡಿಮೆ ಕರಗುವ ಸಾರಜನಕ, ಒಂದು ಗುಳ್ಳೆ ದಾರಿ ತಪ್ಪಿದರೆ ಉಳಿಯುವ ಅವಕಾಶ ಕಡಿಮೆ. 2016ರ ಸೆಪ್ಟೆಂಬರಿನಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂಬ ದಿಕ್ಕಿನಲ್ಲಿ ಸರ್ಕಾರಗಳಿಗೆ ಸೂಚಿಸಿತು.

ಹಾಗಾದರೆ ಎಷ್ಟು ಒತ್ತಡ ಸರಿ? ಯುರೋಪಿನ ಎಂಡೋಸ್ಕೋಪಿಕ್ ಶಸ್ತ್ರಚಿಕಿತ್ಸಕರ ಸಂಘ 2002ರಲ್ಲಿ ಕೊಟ್ಟ ಉತ್ತರ ಇಂದಿಗೂ ಹಳತಾಗಿಲ್ಲ: ರೂಢಿಯ ಒಂದು ಅಂಕಿಯನ್ನು ಹಿಡಿಯದೆ, ಕೆಲಸಕ್ಕೆ ಬೇಕಾದಷ್ಟು ಕಾಣಿಸುವ ಅತ್ಯಂತ ಕಡಿಮೆ ಒತ್ತಡವನ್ನು ಬಳಸಿ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಕಡಿಮೆ ಒತ್ತಡ ಮತ್ತು ರೂಢಿಯ ಒತ್ತಡಗಳನ್ನು ಹೋಲಿಸಿದ 21 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯ 2014ರ ಸಮೀಕ್ಷೆ ಒಟ್ಟಿಗೆ ನೋಡಿತು. ಹತ್ತರಲ್ಲಿ ಒಂಬತ್ತು ಮಂದಿಗೆ ಕಡಿಮೆ ಒತ್ತಡದಲ್ಲೇ ಕೆಲಸ ಮುಗಿಸಬಹುದು ಎಂದು ಕಂಡಿತು. ಆದರೆ ಅದರಿಂದ ಸುರಕ್ಷತೆ ಹೆಚ್ಚುತ್ತದೆಯೇ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ ಎಂದೂ ಅದೇ ಸಮೀಕ್ಷೆ ಹೇಳಿತು. ಪ್ರಯೋಗಕ್ಕೆ ಸೇರಿದವರಲ್ಲಿ ಹೆಚ್ಚಿನವರು ಬೇರೆ ಕಾಯಿಲೆಯಿಲ್ಲದವರು. ಕಡಿಮೆ ಒತ್ತಡದ ಲಾಭ ಯಾರಿಗೆ ಹೆಚ್ಚು ಸಿಗಬೇಕೋ ಅವರೇ ಪ್ರಯೋಗದಲ್ಲಿ ಕಡಿಮೆ. ಹೆಗಲು ನೋವು ಕಡಿಮೆಯಾಗುವುದು ಮಾತ್ರ ಮತ್ತೆ ಮತ್ತೆ ಕಂಡಿದೆ. ಸ್ನಾಯು ಸಡಿಲಿಸುವ ಔಷಧವನ್ನು ಇನ್ನೂ ಗಾಢವಾಗಿ ಕೊಟ್ಟು 8, 10ರಲ್ಲಿ ಕೆಲಸ ಮಾಡುವ ದಾರಿಯಿದೆ, ಆದರೆ ಕೊನೆಗೆ ಆ ಔಷಧವನ್ನು ಪೂರ್ತಿ ಇಳಿಸಲು ದುಬಾರಿ ಪ್ರತ್ಯೌಷಧವೂ ಅಳೆಯುವ ಉಪಕರಣವೂ ಬೇಕು. ಕಾಣದೆ ಕತ್ತರಿಸಿ ಪಿತ್ತನಾಳಕ್ಕೆ ಗಾಯ ಮಾಡುವುದಕ್ಕಿಂತ ಹತ್ತು ನಿಮಿಷ 14ರಲ್ಲಿ ಇರುವುದೇ ಮೇಲು ಎಂದು ಶಸ್ತ್ರಚಿಕಿತ್ಸಕರು ಹೇಳಿದರೆ ಅದೂ ನ್ಯಾಯವೇ. ಮೊದಲ ಟ್ರೋಕಾರ್ ಹಾಕುವಾಗ ಒತ್ತಡ ಹೆಚ್ಚಿಟ್ಟು, ಆಮೇಲೆ 10ಕ್ಕೋ 12ಕ್ಕೋ ಇಳಿಸುವುದು ನಡುದಾರಿ. ಇದಕ್ಕೆ ಹೊಸ ಯಂತ್ರ ಬೇಡ.

ಅನಿಲವೇ ಬೇಡ ಎಂದವರೂ ಇದ್ದಾರೆ. ಹೊಟ್ಟೆಯ ಗೋಡೆಯನ್ನು ಹೊರಗಿನಿಂದ ಕೊಕ್ಕೆಯಲ್ಲಿ ಎತ್ತಿ ಹಿಡಿದು ಕೆಲಸ ಮಾಡುವ ಪದ್ಧತಿ 1990ರ ದಶಕದಲ್ಲಿ ಜಪಾನಿನಲ್ಲಿ ಬೆಳೆಯಿತು. ಶ್ರೀಮಂತ ದೇಶಗಳು ಅದನ್ನು ಮರೆತವು. ಭಾರತದ ಗ್ರಾಮೀಣ ಶಸ್ತ್ರಚಿಕಿತ್ಸಕರು ಮರೆಯಲಿಲ್ಲ. ತಮಿಳುನಾಡಿನ ಡಾ. ಜೆ. ಜ್ಞಾನರಾಜ್ ಅವರು ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದವರೊಡನೆ ಸೇರಿ ಇದಕ್ಕೆಂದೇ ಎತ್ತುವ ಉಪಕರಣ ರೂಪಿಸಿದರು. ಈಶಾನ್ಯ ರಾಜ್ಯಗಳ ಚಿಕ್ಕ ಆಸ್ಪತ್ರೆಗಳಲ್ಲಿ ಅದು ಬಳಕೆಯಲ್ಲಿದೆ. ದೆಹಲಿಯ ಮೌಲಾನಾ ಆಜಾದ್ ವೈದ್ಯಕೀಯ ಕಾಲೇಜಿನಲ್ಲಿ ಇದನ್ನು ಅನಿಲದ ಪದ್ಧತಿಯೊಡನೆ ಪ್ರಯೋಗದಲ್ಲಿ ಹೋಲಿಸಿಯೂ ನೋಡಿದ್ದಾರೆ. ಅನಿಲವಿಲ್ಲವೆಂದರೆ ಸಿಲಿಂಡರ್ ಬೇಡ, ಇನ್ಸಫ್ಲೇಟರ್ ಬೇಡ, ಬೆನ್ನಿಗೆ ಕೊಡುವ ಚುಚ್ಚುಮದ್ದಿನಲ್ಲೇ ಮುಗಿಯುತ್ತದೆ. ದಪ್ಪ ಹೊಟ್ಟೆಯಲ್ಲಿ ಮಾತ್ರ ಬದಿಗಳು ಒಳಕ್ಕೆ ಕುಸಿದು ಜಾಗ ಸಾಲದು. ಬೆನ್ನಿನ ಚುಚ್ಚುಮದ್ದಿನಲ್ಲೇ, 8ರಿಂದ 10ರ ಕಡಿಮೆ ಒತ್ತಡದಲ್ಲಿ ಅನಿಲವನ್ನೂ ತುಂಬಿ ಝಾನ್ಸಿಯ ವೈದ್ಯರು ಸಾವಿರಾರು ಪಿತ್ತಕೋಶ ತೆಗೆದು ವರದಿ ಮಾಡಿದ್ದಾರೆ. ಈಚೆಗಷ್ಟೇ ತಾಲ್ಲೂಕು ಕೇಂದ್ರವಾದ ಅಳ್ನಾವರದಂಥ ಊರಿನಿಂದ ನೋಡಿದರೆ ಇವು ಕುಶಾಲಿನ ಪ್ರಯೋಗಗಳಲ್ಲ. ಒತ್ತಡವನ್ನು ಎಷ್ಟಿಡಬೇಕು ಎಂಬ ಪ್ರಶ್ನೆ ಇಲ್ಲಿ, ಆ ದಿನ ಪೂರ್ಣಾವಧಿ ಅರಿವಳಿಕೆ ತಜ್ಞರು ಇದ್ದಾರೆಯೇ ಅಥವಾ ರೋಗಿಯನ್ನು ಧಾರವಾಡದ ರೈಲು ಹತ್ತಿಸಬೇಕೇ ಎಂಬ ಪ್ರಶ್ನೆಯೊಡನೆ ಹೆಣೆದುಕೊಂಡೇ ಬರುತ್ತದೆ.

ಇದೇ ಒತ್ತಡ ಯಾರೂ ಗಾಳಿ ತುಂಬದೆಯೂ ಏರುತ್ತದೆ. ತೀವ್ರ ಮೇದೋಜೀರಕ ಗ್ರಂಥಿಯ ಉರಿಯೂತ, ಕರುಳಿನ ಅಡಚಣೆ, ಹೊಟ್ಟೆಯೊಳಗಿನ ರಕ್ತಸ್ರಾವ, ನೀರು ತುಂಬಿದ ತೀವ್ರ ಡೆಂಗಿ, ಇವುಗಳಲ್ಲಿ ಅದು ತಾಸುಗಟ್ಟಲೆ ಅಲ್ಲ, ದಿನಗಟ್ಟಲೆ ನಿಲ್ಲುತ್ತದೆ. ಬಿಡದೆ 12 ದಾಟಿದರೆ ಅದನ್ನು ರೋಗವೆಂದೇ ಎಣಿಸುತ್ತಾರೆ. 20 ದಾಟಿ ಅಂಗವೊಂದು ಸೋಲತೊಡಗಿದರೆ ಹೊಟ್ಟೆ ಬಿಡಿಸಿ ತೆರೆದಿಡುವ ತನಕ ವಿಚಾರ ಮಾಡಬೇಕಾಗುತ್ತದೆ. ಶಸ್ತ್ರಚಿಕಿತ್ಸಾ ಕೋಣೆಯಲ್ಲಿ ಆರೋಗ್ಯವಂತರಿಗೆ ಒಂದು ತಾಸು ಒಪ್ಪುವ ಅಂಕಿಯೇ ಐ.ಸಿ.ಯು.ನಲ್ಲಿ ಅಪಾಯದ ಗಂಟೆ. 1984ರಲ್ಲಿ ಅಮೆರಿಕದ ಕ್ರೋನ್ ಮತ್ತು ಸಂಗಡಿಗರು ಇದನ್ನು ಮೂತ್ರಕೋಶದ ಮೂಲಕ ಅಳೆಯುವ ದಾರಿ ತೋರಿಸಿದರು. ರೋಗಿಗೆ ಹೇಗೂ ಹಾಕಿರುವ ಮೂತ್ರದ ಕೊಳವೆಯಿಂದ 25 ಮಿಲಿಲೀಟರಿನಷ್ಟು ಸಲೈನ್ ಒಳಬಿಟ್ಟು, ರೋಗಿಯನ್ನು ಅಂಗಾತ ಮಲಗಿಸಿ, ಉಸಿರು ಬಿಟ್ಟ ಕೊನೆಯಲ್ಲಿ, ಸೊಂಟದ ಎಲುಬಿನ ಮಟ್ಟದಿಂದ ಕೊಳವೆಯಲ್ಲಿ ನೀರು ಎಷ್ಟು ಎತ್ತರಕ್ಕೆ ನಿಲ್ಲುತ್ತದೆ ಎಂದು ಅಳತೆಪಟ್ಟಿ ಹಿಡಿದು ನೋಡಬೇಕು. ಸೆಂಟಿಮೀಟರಿನ ಅಂಕಿಯನ್ನು 1.36ರಿಂದ ಭಾಗಿಸಿದರೆ ಪಾದರಸದ ಮಿಲಿಮೀಟರ್ ಸಿಗುತ್ತದೆ. 16 ಸೆಂಟಿಮೀಟರ್ ಮೇಲೆ ನಿಂತಿದ್ದರೆ ಹುಬ್ಬಳ್ಳಿಗೆ ಫೋನ್ ಹಚ್ಚುವ ಹೊತ್ತು ಬಂದಿದೆ.